ಎಲೆಯಲ್ಲಿ ಉಳಿದ ಅರ್ಧ ಮುದ್ದೆ

ಬಲು ಹಿಂದೆ, ಊರಿಗೆ ಗಡಿಯಾರ ಬರೋದಕ್ಕೂ ಮುಂಚೆ, ಯಾರಿಗೆ ಯಾವಾಗ ಹಸಿವಾಯಿತೋ ಅವರಿಗೆ ಆಗಲೇ ಮಧ್ಯಾಹ್ನ ಅನ್ನುತ್ತಿದ್ದ ಕಾಲದಲ್ಲಿ, ಸೂಜಿಗಲ್ಲು ಅಂತ ಒಂದೂರು ಇತ್ತು. ಊರು ಅಂದರೆ ಅಂಥ ಊರೇನಲ್ಲ. ಮೂರು ಗಾಡಿದಾರಿ ಬಂದು ಸೇರುವ ಕಡೆ ಒಂದು ಬಾವಿ, ನಾಲ್ಕು ಬೇವಿನ ಮರ, ವಾರಕ್ಕೊಂದು ಸಂತೆ, ಮತ್ತೆ ಅಕ್ಕಯಮ್ಮನ ಮುದ್ದೆ ಹೋಟ್ಲು. ಅಷ್ಟೇ. ಬಾವಿ ಇದ್ದದ್ದರಿಂದ ಸಂತೆ ಸೇರಿತು ಅಂತ ಕೆಲವರು ಅಂತಾರೆ. ಇಲ್ಲ, ಅಕ್ಕಯಮ್ಮ ಇದ್ದದ್ದರಿಂದ ಸಂತೆ ಸೇರಿತು, ಉಂಡವರಿಗೆ ಬಾಯಾರಿತು ಅಂತ ಬಾವಿ ಆಮೇಲೆ ತೋಡಿದ್ದು ಅಂತ ಇನ್ನು ಕೆಲವರು ಅಂತಾರೆ. ಎರಡನೆಯವರು ಉಂಡು ತಿಂದು ದುಂಡಗಿರುವವರು. ಅವರ ಮಾತನ್ನೇ ನಂಬೋಣ.

ಆ ಹೋಟ್ಲಿಗೆ ಬೋರ್ಡಿರಲಿಲ್ಲ, ಬೆಂಚಿರಲಿಲ್ಲ. ತೆಂಗಿನ ಗರಿಯ ಚಪ್ಪರ, ಸಗಣಿ ಸಾರಿಸಿದ ನೆಲ, ಒಂದು ಮಣ್ಣಿನ ಒಲೆ. ಒಲೆಯ ಒಂದು ಕಡೆ ಹಿಟ್ಟಿನ ಮಡಕೆ, ಇನ್ನೊಂದು ಕಡೆ ಸಾರಿನ ಮಡಕೆ. ಇವತ್ತು ಬಸ್ಸಾರು, ನಾಳೆ ಮಸ್ಸೊಪ್ಪು, ಕಾಲ ಬಂದರೆ ಅವರೆಕಾಳು. ಏನು ಸಾರು ಅಂತ ಯಾರೂ ಕೇಳುತ್ತಿರಲಿಲ್ಲ, ಎರಡು ಹೊಲ ದೂರದಲ್ಲೇ ಮೂಗು ಹೇಳಿಬಿಡುತ್ತಿತ್ತು. ಅವಳು ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿದಳು ಅಂದರೆ ದಾರಿಯಲ್ಲಿ ಹೋಗುವ ಗಾಡಿಯ ಎತ್ತುಗಳು ತಾವಾಗೇ ನಿಂತುಬಿಡುತ್ತಿದ್ದವಂತೆ. ಎತ್ತು ಎಲ್ಲಾದರೂ ಒಗ್ಗರಣೆಗೆ ನಿಲ್ಲುತ್ತಾ ಅಂತ ಕೇಳಬೇಡಿ. ಯಜಮಾನ ಹೊಟ್ಟೆ ತುಂಬ ಉಂಡರೆ ತನ್ನ ಬೆನ್ನಿಗೆ ಏಟು ಕಮ್ಮಿ ಅನ್ನೋದು ಎತ್ತಿಗೂ ಗೊತ್ತು.

ಇನ್ನು ಮುದ್ದೆ. ಕುದಿಯುವ ನೀರಿಗೆ ರಾಗಿಹಿಟ್ಟು ಸುರಿದು, ಬುಸುಬುಸು ಅಂತ ಬೇಯುವವರೆಗೆ ಕಾದು, ಕವೆಗೋಲಿನಿಂದ ಮಡಕೆಯನ್ನು ಒತ್ತಿ ಹಿಡಿದು ಹಿಟ್ಟಿನ ಕೋಲು ತಿರುವಿದಳು ಅಂದರೆ ಗಂಟಿಲ್ಲ, ಹಸಿಯಿಲ್ಲ. ಮುದ್ದೆ ಅಗಿಯೋದಲ್ಲ, ನುಂಗೋದು ಅಂತ ಎಲ್ಲರಿಗೂ ಗೊತ್ತು. ಆದರೆ ಅಕ್ಕಯಮ್ಮನ ಮುದ್ದೆಯನ್ನು ನುಂಗುವ ಕಷ್ಟವೂ ಇರಲಿಲ್ಲವಂತೆ. ಸಾರಲ್ಲಿ ಅದ್ದಿ ಬಾಯಿಗಿಟ್ಟರೆ ಗಂಟಲೇ ಎದ್ದು ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿತ್ತಂತೆ. ಹಂಗಂತಾರೆ.

ಆದರೆ ಅವಳ ಹೆಸರು ಏಳು ಊರಿಗೆ ಹೋದದ್ದು ಇದಕ್ಕಲ್ಲ. ಅವಳ ಹೋಟ್ಲಲ್ಲಿ ಒಬ್ಬರ ಎಲೆಯಲ್ಲೂ ಒಂದು ಚೂರು ಮುದ್ದೆ ಉಳಿಯುತ್ತಿರಲಿಲ್ಲ, ಇನ್ನೊಂದು ಚೂರು ಬೇಕು ಅಂತ ಒಬ್ಬರೂ ಕೇಳುತ್ತಿರಲಿಲ್ಲ. ಯಾರಿಗೆ ಎಷ್ಟು ಬೇಕೋ ಅಷ್ಟೇ ಗಾತ್ರಕ್ಕೆ ಕಟ್ಟುತ್ತಿದ್ದಳು. ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಉಣ್ಣಲು ಬಂದವರ ಕೈಗೆ ಚೊಂಬಿನಿಂದ ತಾನೇ ನೀರು ಹಾಕುತ್ತಿದ್ದಳು, ಹಾಕುತ್ತಾ ಕೈ ನೋಡುತ್ತಿದ್ದಳು, ಅಷ್ಟೇ. ಹಸಿದವನು ಬೆರಳ ತುದಿ ತೋಯಿಸಿಕೊಂಡು ಎಲೆಗೆ ಓಡುತ್ತಾನೆ. ಹೊಟ್ಟೆ ತುಂಬಿದವನು ಮದುವಣಿಗನ ಥರ ಮೊಣಕೈವರೆಗೂ ತೊಳೆಯುತ್ತಾನೆ. ಮನೆಯಲ್ಲಿ ಜಗಳ ಆಡಿ ಬಂದವನು ಕೈ ಕೊಡವುತ್ತಾನೆ, ಅವನಿಗೆ ಎರಡು ತುತ್ತು ಜಾಸ್ತಿ ಬೇಕು. ಹೀಗೆ ಅವಳಿಗೆ ಲೆಕ್ಕವಿಲ್ಲದಷ್ಟು ಗುರುತು ಗೊತ್ತಿತ್ತು. ಒಮ್ಮೆ ಮಾವುತನೊಬ್ಬ ಆನೆ ಸಮೇತ ಬಂದನಂತೆ. ಅಕ್ಕಯಮ್ಮ ಆನೆಯ ಸೊಂಡಿಲಿಗೂ ನೀರು ಹಾಕಿ ನೋಡಿ, ಒರಳುಕಲ್ಲಿನ ಗಾತ್ರದ ಮುದ್ದೆ ಕಟ್ಟಿದಳಂತೆ. ಆನೆ ಉಂಡು ತೇಗಿತಂತೆ. ಆನೆಯ ಮಾತು ಸುಳ್ಳೇ ಇರಬಹುದು. ಮಾವುತ ಬಂದಿದ್ದು ಮಾತ್ರ ನಿಜ.

ಸಂತೆಯಲ್ಲಿ ಪಿಳ್ಳಪ್ಪ ಅಂತ ಒಬ್ಬ ದನದ ದಲ್ಲಾಳಿ ಇದ್ದ. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವವನು. ಕೈ ನೋಡಿ ಹಸಿವು ಹೇಳುವವಳನ್ನು ಕಂಡರೆ ಅವನಿಗೆ ಸುಮ್ಮನಿರೋಕೆ ಆಗುತ್ತಿರಲಿಲ್ಲ. ಒಂದು ಸಂತೆಯ ದಿನ ಅತ್ತಿಗೆಯ ಮನೆಯಲ್ಲಿ ಎರಡು ಮುದ್ದೆ ಇಳಿಸಿ, ಮೀಸೆ ಒರೆಸಿಕೊಂಡು, ಹೊಟ್ಟೆ ಒಳಕ್ಕೆಳೆದು ಬಂದ. ಬೆರಳ ತುದಿ ಮಾತ್ರ ತೋಯಿಸಿಕೊಂಡು ಎಲೆಗೆ ಓಡಿದ.

"ಬಾರಪ್ಪ ಇಲ್ಲಿ, ಇನ್ನೊಂದು ಸಲ ಕೈ ಒಡ್ಡು" ಅಂದಳು ಅಕ್ಕಯಮ್ಮ. ನೋಡಿದಳು. ಒಳಗೆ ಹೋಗಿ ನೆಲ್ಲಿಕಾಯಿ ಗಾತ್ರದ ಒಂದು ಮುದ್ದೆ ತಂದು ಎಲೆಯ ನಡುವೆ ಇಟ್ಟಳು. "ಅತ್ತಿಗೆ ಕೈ ಊಟ ಜೋರಾಗಿತ್ತೇನೋ?"

ಹೋಟ್ಲೆಲ್ಲ ಬಿದ್ದು ಬಿದ್ದು ನಕ್ಕಿತು. ಪಿಳ್ಳಪ್ಪ ಸಣ್ಣವನಾದ. ಸಣ್ಣವನಾದವನಿಗೆ ನಾಲಿಗೆ ಉದ್ದ. "ನೋಡಕ್ಕಾ, ದೇವರಲ್ಲ ನೀನು. ಒಂದಲ್ಲ ಒಂದಿನ ತಪ್ತೀಯ" ಅಂದ.

ಅಕ್ಕಯಮ್ಮನಿಗೆ ಎಲ್ಲಿತ್ತೋ ಜಂಬ, ಹಿಟ್ಟಿನ ಕೋಲು ಮುಟ್ಟಿ ಆಣೆ ಇಟ್ಟಳು: "ನಾನು ಕಟ್ಟಿದ ಮುದ್ದೆ ಯಾವನ ಎಲೇಲಿ ಉಳೀತದೋ, ಅವತ್ತೇ ಈ ಒಲೆಗೆ ನೀರು ಸುರೀತೀನಿ. ಆ ಮನುಷ್ಯನ ಎಲೆ ಖಾಲಿ ಆಗೋಗಂಟ ಹಚ್ಚಲ್ಲ. ಸಾಕೇನ್ಲಾ?"

ಸಾಕು ಅಂದ ಪಿಳ್ಳಪ್ಪ. ಎಷ್ಟೋ ಸಂತೆ ಬಂದವು, ಹೋದವು. ಆಣೆಯನ್ನು ಅವನೂ ಮರೆತ, ಊರೂ ಮರೆಯಿತು.

ಆಮೇಲೆ ಒಂದು ಸಂತೆಯ ದಿನ ಹಗ್ಗದ ಅಂಕಪ್ಪ ಬಂದ. ಕತ್ತಾಳೆಹಟ್ಟಿಯವನು, ಕತ್ತಾಳೆ ನಾರು ಹೊಸೆದು ಹಗ್ಗ ಮಾರುವವನು. ಸಂತೆಯಲ್ಲಿ ಎಲ್ಲರೂ ಅವನನ್ನು ಬಲ್ಲರು, ಆದರೆ ಹೋಟ್ಲಿಗೆ ಕಾಲಿಟ್ಟವನಲ್ಲ. ಹಗ್ಗ ಮಾರಿದವನೇ ಮನೆಯ ದಾರಿ ಹಿಡಿಯುತ್ತಿದ್ದ, ಊಟ ಮನೆಯಲ್ಲೇ ಆಗಬೇಕಿತ್ತು. ಅಂಥವನು ಅವತ್ತು ಹಗ್ಗದ ಸುರುಳಿ ಹೊರಗಿಟ್ಟು ತಲೆ ಬಗ್ಗಿಸಿ ಒಳಗೆ ಬಂದ. ಅಕ್ಕಯಮ್ಮ ನೀರು ಹಾಕಿದಳು. ನಾರು ಉಜ್ಜಿ ಉಜ್ಜಿ ಕೈಯ ಗೆರೆಗಳೇ ಸವೆದಿದ್ದವು. ಬೆರಳ ತುದಿ ತೋಯಿಸಿದವನೇ ಕೈ ಎಳೆದುಕೊಂಡ. ಅಯ್ಯೋ, ಎಷ್ಟು ದಿನದ ಹಸಿವಪ್ಪ ಇದು ಅನ್ನಿಸಿತು ಅವಳಿಗೆ. ಒಳ್ಳೆ ದಪ್ಪ ಮುದ್ದೆ ಕಟ್ಟಿ, ಹುರುಳಿ ಬಸ್ಸಾರು ಹೊಯ್ದು, ಪಕ್ಕಕ್ಕೆ ಪಲ್ಯ ಇಟ್ಟಳು.

ಅಂಕಪ್ಪ ಉಂಡ. ಎದ್ದ. ಬಾಯಿ ತೊಳೆದು, ಹಗ್ಗ ಹೆಗಲಿಗೆ ಹಾಕಿ ಹೊರಟೇಹೋದ.

ಎಲೆಯಲ್ಲಿ ಅರ್ಧ ಮುದ್ದೆ ಇತ್ತು.

ಮೊದಲು ನೋಡಿದವನು ಪಿಳ್ಳಪ್ಪ. ವರ್ಷಗಟ್ಟಲೆ ಕಾದ ಗೆಲುವು ಕಣ್ಣೆದುರಿಗಿದ್ದರೂ ಅವನ ಬಾಯಿಂದ ನಗು ಬರಲಿಲ್ಲವಂತೆ. ಎದುರು ಕೂತಿದ್ದವನ ಕೈ ಸಾರಲ್ಲೇ ನಿಂತಿತು. ಒಬ್ಬರ ಹಿಂದೆ ಒಬ್ಬರು ನೋಡಿದರು. ಯಾರೋ ಒಬ್ಬ ಮೆಲ್ಲಗೆ ಎಲೆ ಮಡಚಲು ಕೈ ಚಾಚಿದ. "ಮುಟ್ಟಬೇಡ" ಅಂದಳು ಅಕ್ಕಯಮ್ಮ.

ಬಗ್ಗಿ ಎಲೆಯನ್ನೇ ನೋಡಿದಳು. ಆಮೇಲೆ ಬಾನಿಯಿಂದ ಒಂದು ಕೊಡ ನೀರು ಮೊಗೆದು ಒಲೆಗೆ ಸುರಿದಳು. ಚೊರ್ ಅಂತ ಹೊಗೆ ಎದ್ದು ಚಪ್ಪರದ ತುಂಬಾ ತುಂಬಿತು. "ಅಕ್ಕಾ, ತಮಾಷೆಗೆ ಅಂದಿದ್ದು ಕಣಕ್ಕಾ, ನಾನು ನಾಯಿ, ನನ್ನ ಮಾತು ಕಟ್ಕೊಂಡು..." ಅಂತ ಪಿಳ್ಳಪ್ಪ ಕಾಲಿಗೆ ಬಿದ್ದ. ಅವಳು ಕೋಲನ್ನು ತೊಳೆದು ಚಪ್ಪರದ ಸಂದಿಗೆ ಸಿಕ್ಕಿಸಿ ಮನೆಗೆ ಹೋದಳು.

ಮೂರು ಸಂತೆ ಒಲೆ ಉರಿಯಲಿಲ್ಲ. ಮೂರು ಸಂತೆ ಜನ ಕಡ್ಲೆಪುರಿ ತಿಂದು ನೀರು ಕುಡಿದರು. ಪುರಿ ತಿಂದವರ ವ್ಯಾಪಾರ ಎಂಥ ವ್ಯಾಪಾರ? ಸುಮ್ಮಸುಮ್ಮನೆ ಜಗಳ, ಸುಮ್ಮಸುಮ್ಮನೆ ಮುನಿಸು. ಗಂಡ ಹೆಂಡಿರು ಒಂದೇ ಗಾಡಿಯಲ್ಲಿ ಬಂದು ಎರಡು ದಾರಿ ಹಿಡಿದು ಹೋದರಂತೆ. ಎತ್ತುಗಳು ಮಾತ್ರ ಅಭ್ಯಾಸಬಲದಿಂದ ಹೋಟ್ಲ ಮುಂದೆ ನಿಲ್ಲುತ್ತಿದ್ದವು, ಮೂಗು ಎತ್ತಿ ನೋಡುತ್ತಿದ್ದವು, ನಿಟ್ಟುಸಿರು ಬಿಡುತ್ತಿದ್ದವು. ಹಂಗಂತಾರೆ.

ಅಕ್ಕಯಮ್ಮ ಜಗುಲಿಯ ಮೇಲೆ ಕೂತು ತನ್ನ ಕೈಯನ್ನೇ ತಾನು ನೋಡಿಕೊಳ್ಳುತ್ತಿದ್ದಳು. ಮಾತು ಸೋತಿತಲ್ಲ ಅಂತ ಅಲ್ಲ. ಜಂಬ ಮುರಿಯಿತಲ್ಲ ಅಂತಲೂ ಅಲ್ಲ, ಅದು ಮುರಿಯಬೇಕಾದದ್ದೇ. ಅಂಕಪ್ಪನದು ಹಸಿದ ಕೈ. ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಹಸಿದ ಮನುಷ್ಯನೊಬ್ಬ ತನ್ನ ಮುಂದೆ ಕೂತು ಅರ್ಧ ಹೊಟ್ಟೆಯಲ್ಲಿ ಎದ್ದುಹೋದ. ಯಾಕೆ? ಸಾರು ಕೆಟ್ಟಿತ್ತಾ? ಅದೂ ಇಲ್ಲ. ಇನ್ನೊಂದು ವಿಷಯ ಅವಳನ್ನು ಕೊರೆಯುತ್ತಿತ್ತು. ಬಿಟ್ಟೆದ್ದವರ ಎಲೆ ಕೆದರಿರುತ್ತದೆ, ಸಾರು ಹರಿದಿರುತ್ತದೆ, ಪಲ್ಯ ಅತ್ತಿತ್ತ ಆಗಿರುತ್ತದೆ. ಅಂಕಪ್ಪನ ಎಲೆ ಹಾಗಿರಲಿಲ್ಲ. ಮುದ್ದೆಯನ್ನು ದಾರ ಹಿಡಿದು ಕುಯ್ದಂತೆ ಸಮ ಅರ್ಧ ಮಾಡಿದ್ದ. ಉಳಿದರ್ಧದ ನಡುವೆ ಬೆರಳಿಂದ ಗುಳಿ ಮಾಡಿ, ಗುಳಿಗೆ ಸಾರು ತುಂಬಿ, ಪಲ್ಯವನ್ನು ಒತ್ತಟ್ಟಿಗೆ ಒಟ್ಟಿದ್ದ. ಅದು ಉಂಡೆದ್ದ ಎಲೆಯಂತೆ ಇರಲೇ ಇಲ್ಲ. ಈಗ ತಾನೇ ಯಾರಿಗೋ ಬಡಿಸಿಟ್ಟ ಎಲೆಯಂತಿತ್ತು.

ಇತ್ತ ಪಿಳ್ಳಪ್ಪನಿಗೂ ನಿದ್ದೆಯಿಲ್ಲ. ಜನ ಸಿಕ್ಕಿದಲ್ಲೆಲ್ಲ ಉಗಿಯುತ್ತಿದ್ದರು. ಕೊನೆಗೆ, ಆ ಅಂಕಪ್ಪನ ಕೊರಳುಪಟ್ಟಿ ಹಿಡಿದು ಕೇಳೇಬಿಡ್ತೀನಿ ಅಂತ ಕತ್ತಾಳೆಹಟ್ಟಿಗೆ ಹೋದ. ಹೋದವನು ಸಂಜೆಗೆ ಅಕ್ಕಯಮ್ಮನ ಜಗುಲಿಗೆ ಬಂದು ಕೂತ.

ಅಲ್ಲಿ ಕಂಡದ್ದನ್ನು ಹೇಳಿದ. ಹಗ್ಗ ಹೊಸೆಯೋದು ಇಬ್ಬರ ಕೆಲಸ, ಒಬ್ಬರು ಒಂದು ತುದಿ ಹಿಡಿದು ನಿಲ್ಲಬೇಕು, ಇನ್ನೊಬ್ಬರು ತಿರುವುತ್ತಾ ಹಿಂದೆ ಹಿಂದೆ ನಡೆಯಬೇಕು. ಅಂಕಪ್ಪ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ ಒಬ್ಬನೇ ತಿರುವುತ್ತಿದ್ದ. ಆ ತುದಿ ಹಿಡಿಯುತ್ತಿದ್ದವಳು ಅವನ ಹೆಂಡತಿ ಈರಕ್ಕ. ಈರಕ್ಕ ತೀರಿಕೊಂಡು ನಾಲ್ಕು ತಿಂಗಳಾಯಿತು. ಪಕ್ಕದ ಮನೆಯ ಮುದುಕಿ ಹೇಳಿದಳಂತೆ, ಅವರಿಬ್ಬರದು ಒಂದೇ ಎಲೆ. ಹಿಂದಿನವರ ಪದ್ಧತಿ, ಗಂಡ ಉಂಡ ಎಲೆಯಲ್ಲಿ ಹೆಂಡತಿ ಉಣ್ಣೋದು. ಅಂಕಪ್ಪ ಅರ್ಧ ಉಂಡು, ಉಳಿದರ್ಧ ಒಪ್ಪ ಮಾಡಿ ಇಟ್ಟು ಎದ್ದು ಹೊರಗೆ ಹೋಗುತ್ತಿದ್ದ. ಈರಕ್ಕ ಬಂದು ಕೂರುತ್ತಿದ್ದಳು. ನಲವತ್ತು ವರ್ಷ. ಈಗಲೂ ಯಾರ ಮನೆಯಲ್ಲಿ ಎಲೆ ಹಾಕಿದರೂ ಅರ್ಧ ಬಿಟ್ಟೇ ಏಳುತ್ತಾನೆ. ತಾನು ಬಿಡುತ್ತಿದ್ದೇನೆ ಅಂತ ಅವನಿಗೇ ಗೊತ್ತಿಲ್ಲ. ಹೇಳೋದು ಹೆಂಗೆ ಅಂತ ಯಾರೂ ಹೇಳಿಲ್ಲ.

"ಕೊರಳುಪಟ್ಟಿ ಹಿಡೀಲಿಲ್ಲ ಕಣಕ್ಕಾ" ಅಂದ ಪಿಳ್ಳಪ್ಪ. "ಹಗ್ಗದ ತುದಿ ಹಿಡ್ಕೊಂಡು ನಿಂತಿದ್ದೆ. ಅದನ್ನೂ ಸರಿಯಾಗಿ ಹಿಡೀಲಿಲ್ಲವಂತೆ, ಬೈದ."

ಆಮೇಲೆ ದಲ್ಲಾಳಿ ಬುದ್ಧಿ ಎಚ್ಚರವಾಯಿತು. "ಅಂದಮೇಲೆ ನೀನು ತಪ್ಪಿಲ್ಲ ಬಿಡು. ಅವನ ಹೊಟ್ಟೆಗೆ ಸರಿಯಾಗೇ ಕಟ್ಟಿದ್ದೆ, ಅವನೇ ಉಣ್ಣಲಿಲ್ಲ. ಆಣೆ ತಗಲಲ್ಲ. ನಡಿ, ಒಲೆ ಹಚ್ಚು."

"ತಪ್ಪಿದೆ" ಅಂದಳು ಅಕ್ಕಯಮ್ಮ. "ಒಬ್ಬನ ಕೈ ನೋಡಿದೆ. ಅವನ ಎಲೆಗೆ ಇಬ್ಬರಿದ್ದರು."

ಮಾರನೆಯ ಬೆಳಿಗ್ಗೆ ಎದ್ದವಳೇ ಚಪ್ಪರದ ಸಂದಿಯಿಂದ ಕೋಲು ಎಳೆದು, ಸೆರಗಿನಲ್ಲಿ ರಾಗಿಹಿಟ್ಟು ಕಟ್ಟಿ, ಎರಡು ಮುತ್ತುಗದ ಎಲೆ ಕಂಕುಳಲ್ಲಿಟ್ಟು ಕತ್ತಾಳೆಹಟ್ಟಿಯ ದಾರಿ ಹಿಡಿದಳು. ಹಿಂದಿಂದೆ ಪಿಳ್ಳಪ್ಪ. "ಅಕ್ಕಾ, ಒಲೆ ಹಚ್ಚಲ್ಲ ಅಂದಿದ್ದೆ?" "ನನ್ನ ಒಲೆ ಹಚ್ಚಲ್ಲ ಅಂದಿದ್ದೆ. ಬೇರೆಯವರ ಒಲೆ ಹಚ್ಚಲ್ಲ ಅಂತ ಆಣೆ ಇಟ್ಟಿದ್ನಾ?" ದಲ್ಲಾಳಿಗೇ ದಲ್ಲಾಳಿ ಮಾತು ಕಲಿಸಿದಳು.

ಅಂಕಪ್ಪ ಅಂಗಳದಲ್ಲಿ ನಾರು ಬಿಡಿಸುತ್ತಿದ್ದ. ಸೂಜಿಗಲ್ಲಿನಲ್ಲಿ ಏನಾಗಿದೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ, ಇವರೂ ಹೇಳಲಿಲ್ಲ. "ಇವತ್ತು ನಿಮ್ಮ ಮನೇಲಿ ಅಡುಗೆ ಮಾಡ್ತೀನಿ ಅಣ್ಣಾ" ಅಂದಳು ಅಕ್ಕಯಮ್ಮ, ಅಷ್ಟೇ. ಅವನು ಯಾಕೆ ಅನ್ನಲಿಲ್ಲ. ದುಃಖದಲ್ಲಿರುವವರು ಯಾಕೆ ಅಂತ ಕೇಳೋದು ಕಮ್ಮಿ.

ಒಳಗೆ ಹೋದಳು. ಒಲೆಯ ಬೂದಿ ಗಟ್ಟಿಯಾಗಿತ್ತು. ಗಡಿಗೆಯಲ್ಲಿ ಈರಕ್ಕ ಹಸನು ಮಾಡಿಟ್ಟ ಹುರುಳಿ ಇತ್ತು, ಗೋಡೆಗೆ ಈರಕ್ಕ ಕಟ್ಟಿದ ಒಣಮೆಣಸಿನಕಾಯಿಯ ಸರ ಇತ್ತು. ಹಿತ್ತಲಲ್ಲಿ ಸೊಪ್ಪು ತಾನೇ ಎದ್ದಿತ್ತು. ಪಿಳ್ಳಪ್ಪ ಸೌದೆ ಒಡೆದ. ಅಕ್ಕಯಮ್ಮ ಹುರುಳಿ ಬೇಯಿಸಿ ಬಸಿದಳು, ಖಾರ ಅರೆದಳು. ಬೆಳ್ಳುಳ್ಳಿಯ ಒಗ್ಗರಣೆ ಚಟಪಟ ಅಂದಾಗ ಅಂಗಳದಲ್ಲಿ ನಾರು ಬಿಡಿಸುತ್ತಿದ್ದ ಕೈ ನಿಂತುಹೋಯಿತಂತೆ. ನಾಲ್ಕು ತಿಂಗಳಾಗಿತ್ತು ಆ ಮನೆಯಿಂದ ಹೊಗೆ ಎದ್ದು.

ಕೈಗೆ ನೀರು ಹಾಕಿದಳು. ಈ ಸಲ ಅವಸರ ಮಾಡಲಿಲ್ಲ. ಅಂಕಪ್ಪನ ಕೈ ತೊಳೆದುಕೊಳ್ಳದೆ, ಯಾರಿಗೋ ಎತ್ತಿಟ್ಟಂತೆ ನೀರನ್ನು ಸುಮ್ಮನೆ ಹಿಡಿದುಕೊಂಡಿತ್ತು. ನೋಡಿದಳು. ಮುದ್ದೆ ಕಟ್ಟಿ ಬಡಿಸಿದಳು.

ಅಂಕಪ್ಪ ಮುದ್ದೆ ಮುರಿದ. ಸಮ ಅರ್ಧ. ತನ್ನರ್ಧ ಉಂಡ. ಉಳಿದರ್ಧಕ್ಕೆ ಗುಳಿ ಮಾಡಿ ಸಾರು ತುಂಬಿದ, ಪಲ್ಯ ಒಟ್ಟಿದ, ಏಳಲು ನೆಲಕ್ಕೆ ಕೈ ಊರಿದ.

"ಕೂತ್ಕೊ ಅಂಕಪ್ಪಣ್ಣ."

"ಆಯ್ತಲ್ಲ ತಾಯಿ, ಉಂಡೆ."

"ನೀನು ಉಂಡೆ. ಇದು ಯಾರದು?"

ಅಂಕಪ್ಪ ಎಲೆ ನೋಡಿದ. ಒಳಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಎಲೆ ನೋಡಿದ. ಅವನಿಗೆ ತನ್ನ ಕೈಯ ಕೆಲಸ ಕಂಡದ್ದು ಆಗಲೇ ಅಂತಾರೆ. "ಈರೀದು" ಅಂದ.

ಅಕ್ಕಯಮ್ಮ ಕಂಕುಳಲ್ಲಿ ತಂದಿದ್ದ ಇನ್ನೊಂದು ಎಲೆಯನ್ನು ಎದುರಿಗೆ ಹಾಸಿದಳು. "ಅವಳ ಪಾಲು ನಾನು ಉಣ್ಣಲಾ?" ಅಂದಳು. ಅವನು ತಲೆಯಾಡಿಸಿದ. ಅರ್ಧ ಮುದ್ದೆಯನ್ನು ಎತ್ತಿ ತನ್ನ ಎಲೆಗೆ ಇಟ್ಟುಕೊಂಡು, ಅವಳು ಕೂತು ಉಂಡಳು. ಊರಿಗೆಲ್ಲ ಬಡಿಸಿದವಳು, ಎಲ್ಲರದೂ ಮುಗಿದ ಮೇಲೆ ಮಡಕೆಯ ತಳ ಕೆರೆದು ನಿಂತೇ ಉಣ್ಣುತ್ತಿದ್ದವಳು. ಒಬ್ಬರ ಎದುರು ಎಲೆ ಹಾಕಿ ಕೂತಿದ್ದು ಅದೇ ಮೊದಲಂತೆ.

ಅಂಕಪ್ಪ ಏಳಲಿಲ್ಲ, ನೋಡುತ್ತಾ ಕೂತ. ಅವಳು ಮುರಿಯೋದು, ಅದ್ದೋದು, ನುಂಗೋದು, ಬೆರಳಿಂದ ಪಲ್ಯ ಎತ್ತಿಕೊಳ್ಳೋದು, ಎಲ್ಲ ನೋಡಿದ. ನೋಡುತ್ತಾ ನೋಡುತ್ತಾ ಅವನ ಗಡ್ಡ ತೋಯ್ದಿತು.

"ನಲವತ್ತು ವರ್ಷ ತಾಯಿ" ಅಂದ. "ಅವಳು ಉಣ್ಣೋದನ್ನ ನಾನು ನೋಡೇ ಇಲ್ಲ. ಅರ್ಧ ಇಟ್ಟು ಎದ್ದೋಗಿಬಿಡ್ತಿದ್ದೆ. ಸಾಲ್ತಿತ್ತೋ ಇಲ್ಲವೋ ಕೇಳೇ ಇಲ್ಲ."

ಅಕ್ಕಯಮ್ಮ ಕೊನೆಯ ತುತ್ತು ಎಲೆಗೆ ಒರೆಸಿ ನುಂಗಿದಳು. ಎಲೆ ತೊಳೆದಿಟ್ಟಂತಾಯಿತು. "ಸಾಲ್ತಿತ್ತು ಅಣ್ಣಾ" ಅಂದಳು. "ಅಳತೆ ಸರಿಯಾಗೇ ಐತೆ. ನೋಡು, ನನಗೆ ಹೊಟ್ಟೆ ತುಂಬಿ ಬಂತು."

ಹೊಟ್ಟೆಯ ವಿಷಯದಲ್ಲಿ ಅಕ್ಕಯಮ್ಮ ಹುಟ್ಟಿದಾಗಿನಿಂದ ಒಂದೂ ಸುಳ್ಳು ಹೇಳಿದವಳಲ್ಲ. ಅವತ್ತು ಹೇಳಿದಳೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಅಂಕಪ್ಪ ನಂಬಿದ. ನಂಬಿದವನು ನಾಚಿಕೊಂಡು, ಇನ್ನೊಂಚೂರು ಇದ್ದರೆ ಹಾಕು ತಾಯಿ ಅಂದ. ಅಕ್ಕಯಮ್ಮನ ಎದುರು ಕೂತು ಮತ್ತೆ ಕೇಳಿ ಹಾಕಿಸಿಕೊಂಡವನು ಇಡೀ ಸೀಮೆಗೆ ಅವನೊಬ್ಬನೇ. ಎರಡನೇ ಮುದ್ದೆಯನ್ನು ಅವನು ಮುರಿಯಲಿಲ್ಲ. ಪೂರ್ತಿ ಉಂಡ.

ಬಾಗಿಲಲ್ಲಿ ಪಿಳ್ಳಪ್ಪ ಮೂಗು ಒರೆಸಿಕೊಳ್ಳುತ್ತಿದ್ದ. ಹೊಗೆ ಅಂದ. ಆಮೇಲೆ ಎರಡೂ ಎಲೆ ಇಣುಕಿ ನೋಡಿ, "ಖಾಲಿ!" ಅಂತ ಹಟ್ಟಿಗೆಲ್ಲ ಕೇಳುವಂತೆ ಕೂಗಿದ. ಹಟ್ಟಿಯವರು ಏನು ಕಳುವಾಯಿತೋ ಅಂತ ದೊಣ್ಣೆ ಹಿಡಿದು ಬಂದರಂತೆ.

ಅಕ್ಕಯಮ್ಮ ಈರಕ್ಕನ ಒಲೆಯಿಂದ ನಾಲ್ಕು ಕೆಂಡ ತೆಗೆದು, ಒಡೆದ ಗಡಿಗೆಯ ಚೂರಿನಲ್ಲಿ ಬೂದಿ ಮುಚ್ಚಿ ಇಟ್ಟುಕೊಂಡಳು. ಆ ಕೆಂಡದಿಂದಲೇ ಸೂಜಿಗಲ್ಲಿನ ಒಲೆ ಹಚ್ಚಿದ್ದು. ಮುಂದಿನ ಸಂತೆಯ ದಿನ ಅಂಕಪ್ಪನೂ ಬಂದ, ಅದರ ಮುಂದಿನ ಸಂತೆಗೂ ಬಂದ. ಅವನು ಕೂತಾಗಲೆಲ್ಲ ಎದುರಿಗೆ ಒಂದು ಎಲೆ ಬೀಳುತ್ತಿತ್ತು. ಆ ಎಲೆಗೆ ಯಾರಾದರೂ ಕೂರಲೇಬೇಕು ಅಂತ ಅಕ್ಕಯಮ್ಮ ಕಟ್ಟಳೆ ಮಾಡಿದಳು. ಬೇರೆ ಯಾರೂ ಇಲ್ಲದ ದಿನ ಪಿಳ್ಳಪ್ಪನನ್ನೇ ಹಿಡಿದು ಕೂರಿಸುತ್ತಿದ್ದಳು. ಆಗ ತಾನೇ ಉಂಡು ಎದ್ದಿದ್ದರೂ ಸರಿ. ಅವನ ಹೊಟ್ಟೆ ದೊಡ್ಡದಾದದ್ದು ಹಾಗೆ ಅಂತಾರೆ. ಅವನು ಮಾತ್ರ ಕೊನೆವರೆಗೂ ಅದನ್ನು ಪುಣ್ಯದ ಹೊಟ್ಟೆ ಅಂತ ಸವರಿಕೊಳ್ಳುತ್ತಿದ್ದ.

ಅಕ್ಕಯಮ್ಮ ಹೋಗಿ ಎಷ್ಟು ಕಾಲವಾಯಿತೋ. ಬಾವಿ ಬತ್ತಿ ಒಣಗಿತು, ಗಾಡಿದಾರಿಗಳಿಗೆ ಟಾರು ಬಂತು, ಚಪ್ಪರಗಳ ಜಾಗದಲ್ಲಿ ಶೀಟು ಬಂತು. ಆದರೆ ಆ ಸೀಮೆಯ ಮುದ್ದೆ ಹೋಟ್ಲುಗಳಿಗೆ ಈಗಲೂ ಹೋಗಿ ನೋಡಿ. ಒಬ್ಬಂಟಿ ಬಂದು ಕೂತವನ ಎದುರಿಗೆ ಒಂದು ಎಲೆ ಹಾಕಿ, "ಎದುರಿಗೆ ಯಾರ್ರೀ?" ಅಂತ ಒಳಗಿಂದ ಕೂಗುತ್ತಾರೆ. ಗುರುತಿರಲಿ ಬಿಡಲಿ, ಯಾರೋ ಒಬ್ಬರು ಬಂದು ಕೂರುತ್ತಾರೆ. ಮಾತಾಡಬೇಕು ಅಂತೇನಿಲ್ಲ. ಮೊದಲು ಮುಗಿಸಿದವನು ಎದುರಿನವನ ಎಲೆ ಖಾಲಿಯಾಗುವವರೆಗೆ ಕಾಯುತ್ತಾನೆ. ಕತ್ತಾಳೆಹಟ್ಟಿಯ ಮನೆಗಳಲ್ಲಂತೂ ಗಂಡ ಹೆಂಡಿರಿಗೆ ಎದುರುಬದುರು ಎಲೆ. ಗಂಡನ ಊಟ ಮುಗಿದರೂ ಅವನು ಏಳುವ ಹಾಗಿಲ್ಲ, ಅವಳು ಉಣ್ಣೋದನ್ನು ನೋಡುತ್ತಾ ಎಂಜಲು ಒಣಗಿದ ಕೈಯಲ್ಲೇ ಕೂತಿರಬೇಕು. ಹೊಸದಾಗಿ ಬಂದ ಸೊಸೆಯರು, ಹಿಂಗೆ ಕಣ್ಣು ಬಿಟ್ಕೊಂಡು ನೋಡಿದ್ರೆ ಗಂಟಲಲ್ಲಿ ಇಳಿಯೋದಾದ್ರೂ ಹೆಂಗೆ ಅಂತ ಗೊಣಗುತ್ತಾರೆ. ಗಂಡಂದಿರು ತಲೆ ಬಗ್ಗಿಸಿ ನಗುತ್ತಾರೆ, ಏಳೋದಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಸಾಲ್ತಾ?" ಅಂತ ಕೇಳುತ್ತಾರೆ.